ಗ್ಲೋಬಲ್‌ಗಳನ್ನು ಗಂಟು ಕಟ್ಟಿದರಷ್ಟೇ ಸಾಲದು

ಸಿ ಭಾಷೆಯ ಹಳೆಯ ಪ್ರೋಗ್ರಾಮ್ ಯಾವುದನ್ನೇ ತೆರೆಯಿರಿ, ಫೈಲಿನ ಮೇಲ್ಭಾಗದಲ್ಲಿ ಹತ್ತಿಪ್ಪತ್ತು ಗ್ಲೋಬಲ್ ವೇರಿಯಬಲ್‌ಗಳು ಸಾಲಾಗಿ ಕೂತಿರುತ್ತವೆ. ಬಫರ್ ಒಂದು, ಅದರಲ್ಲಿ ಎಷ್ಟು ತುಂಬಿದೆ ಎನ್ನುವ ಲೆಕ್ಕ ಒಂದು, ಕೊನೆಯ ಎರರ್ ಕೋಡ್ ಒಂದು, ತೆರೆದ ಫೈಲಿನ ನಂಬರ್ ಒಂದು. ಯಾವ ಫಂಕ್ಷನ್ ಬೇಕಾದರೂ ಓದಬಹುದು, ಯಾವುದು ಬೇಕಾದರೂ ತಿದ್ದಬಹುದು. ಇದು ಅಪಾಯ ಎಂದು ವಿಲಿಯಂ ವುಲ್ಫ್ ಮತ್ತು ಮೇರಿ ಶಾ 1973ರಲ್ಲೇ ಲೇಖನ ಬರೆದು ಎಚ್ಚರಿಸಿದ್ದರು. ಪರಿಹಾರವೂ ಹಳೆಯದೇ: ಎಲ್ಲವನ್ನೂ ಒಂದು ಸ್ಟ್ರಕ್ಚರಿಗೆ ಸೇರಿಸಿ, ಅದರ ಪಾಯಿಂಟರನ್ನು ಪ್ರತಿ ಫಂಕ್ಷನ್ನಿಗೂ ಮೊದಲ ಆರ್ಗ್ಯುಮೆಂಟ್ ಆಗಿ ಕೊಡುವುದು.

ಹೇಳುವಾಗ ಅರ್ಧ ದಿನದ ಕೆಲಸ. ಮಾಡಿ ಮುಗಿಸಿದ ಮೇಲೆ ವರ್ಷಗಟ್ಟಲೆ ಸುಮ್ಮನೆ ನಡೆದಿದ್ದ ಪ್ರೋಗ್ರಾಮ್ ಎಡವತೊಡಗುತ್ತದೆ, ಮುಟ್ಟದೇ ಬಿಟ್ಟಿದ್ದರೆ ಚೆನ್ನಾಗಿತ್ತು ಎಂಬ ಗೊಣಗಾಟ ಟೀಮಿನಲ್ಲಿ ಶುರುವಾಗುತ್ತದೆ. ವೇರಿಯಬಲ್ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಎಲ್ಲರ ಕಣ್ಣು. ಅದರ ಮೊದಲ ಮೌಲ್ಯವನ್ನು ಯಾರು ಇಡುತ್ತಾರೆ, ಯಾವಾಗ ಇಡುತ್ತಾರೆ ಎಂದು ಕೇಳುವವರೇ ಇಲ್ಲ. ಈ ಕೆಲಸದ ಸುತ್ತ ಹಬ್ಬಿರುವ ತಪ್ಪು ಕಲ್ಪನೆಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲೇ.

ತಪ್ಪು ಕಲ್ಪನೆ: ಇದು ಬರೀ ಹೆಸರು ಬದಲಿಸುವ ಕೆಲಸ, ಪ್ರೋಗ್ರಾಮ್ ನಡೆಯುವ ರೀತಿ ಹಾಗೇ ಇರುತ್ತದೆ

ವಾಸ್ತವ: ಗ್ಲೋಬಲ್ ವೇರಿಯಬಲ್‌ಗೆ ಸಿ ಭಾಷೆ ಒಂದು ಸವಲತ್ತು ಕೊಟ್ಟಿದೆ. ಅದಕ್ಕೆ ನೀವು ಏನೂ ಮೌಲ್ಯ ಕೊಡದಿದ್ದರೆ ಅದು ಸೊನ್ನೆಯಿಂದ ಶುರುವಾಗುತ್ತದೆ. ಪಾಯಿಂಟರ್ ಆಗಿದ್ದರೆ ನಲ್ ಆಗಿರುತ್ತದೆ. ಇದು ಕಂಪೈಲರಿನ ಔದಾರ್ಯ ಅಲ್ಲ, ಸಿ ಸ್ಟ್ಯಾಂಡರ್ಡಿನಲ್ಲೇ ಇರುವ ನಿಯಮ. ಲಿನಕ್ಸಿನಲ್ಲಿ ಪ್ರೋಗ್ರಾಮ್ ಲೋಡ್ ಆಗುವಾಗಲೇ ಆ ಜಾಗ ಸೊನ್ನೆಯಾಗಿ ಸಿಗುತ್ತದೆ. ಮೈಕ್ರೊಕಂಟ್ರೋಲರಿನಲ್ಲಿ ಮೇನ್ ಫಂಕ್ಷನ್ನಿಗೂ ಮೊದಲು ಓಡುವ ಸ್ಟಾರ್ಟಪ್ ಕೋಡ್ ಎರಡು ಕೆಲಸ ಮಾಡಿಟ್ಟಿರುತ್ತದೆ: ಮೌಲ್ಯ ಕೊಟ್ಟಿರುವ ಗ್ಲೋಬಲ್‌ಗಳನ್ನು ಫ್ಲ್ಯಾಶಿನಿಂದ ರ‍್ಯಾಮಿಗೆ ನಕಲು ಮಾಡುವುದು, ಉಳಿದವನ್ನು ಸೊನ್ನೆ ಮಾಡುವುದು.

ಲಿನಕ್ಸ್ ಕರ್ನಲ್ ತಂಡ ಈ ನಿಯಮವನ್ನು ಎಷ್ಟು ನಂಬಿದೆ ಎಂದರೆ, ಗ್ಲೋಬಲ್ ಒಂದಕ್ಕೆ ಸೊನ್ನೆ ಎಂದು ಬರೆದು ಪ್ಯಾಚ್ ಕಳಿಸಿದರೆ ಅವರ ಚೆಕ್‌ಪ್ಯಾಚ್ ಸ್ಕ್ರಿಪ್ಟ್ ಅದನ್ನು ತಪ್ಪೆಂದು ಎತ್ತಿ ತೋರಿಸುತ್ತದೆ.

ಅದೇ ವೇರಿಯಬಲ್ ಸ್ಟ್ರಕ್ಚರಿನೊಳಗೆ ಹೋಗಿ, ಆ ಸ್ಟ್ರಕ್ಚರನ್ನು ಮ್ಯಾಲಾಕ್‌ನಿಂದ ಪಡೆದರೆ ಅಥವಾ ಮೇನ್ ಒಳಗೆ ಲೋಕಲ್ ಆಗಿ ಇಟ್ಟರೆ ಈ ಸವಲತ್ತು ಹೋಯಿತು. ಆ ಜಾಗದಲ್ಲಿ ಮೊದಲು ಏನಿತ್ತೋ ಅದೇ ಕಸ. ಹಳೆಯ ಕೋಡಿನಲ್ಲಿ ಎಣಿಕೆಯ ವೇರಿಯಬಲ್‌ಗೆ ಯಾರೂ ಸೊನ್ನೆ ಇಟ್ಟಿರಲಿಲ್ಲ, ಇಡಬೇಕಾಗಿಯೂ ಇರಲಿಲ್ಲ. ಹೊಸ ಕೋಡಿನಲ್ಲಿಯೂ ಯಾರೂ ಇಡುವುದಿಲ್ಲ, ಯಾಕೆಂದರೆ ಸಾಲುಗಳನ್ನು ಕತ್ತರಿಸಿ ಅಂಟಿಸುವಾಗ ಇಲ್ಲದ ಸಾಲು ಕಣ್ಣಿಗೆ ಬೀಳುವುದಿಲ್ಲ. ಇದರ ಮೇಲೆ ಮ್ಯಾಲಾಕ್ ಮೊದಮೊದಲು ಕೊಡುವ ಮೆಮೊರಿ ಆಪರೇಟಿಂಗ್ ಸಿಸ್ಟಮ್‌ನಿಂದ ಹೊಸದಾಗಿ ಬಂದದ್ದು, ಹೆಚ್ಚಾಗಿ ಸೊನ್ನೆಯೇ. ಹಾಗಾಗಿ ಡೆವಲಪರ್ ಮೇಜಿನ ಮೇಲೆ ಎಲ್ಲ ಸರಿ. ನಾಲ್ಕು ದಿನ ಬಿಡದೆ ಓಡುವ ಸರ್ವರಿನಲ್ಲಿ, ಬಳಸಿ ಬಿಟ್ಟ ಮೆಮೊರಿ ಮರಳಿ ಕೈಗೆ ಬಂದಾಗ ಮಾತ್ರ ಎಣಿಕೆ ವಿಚಿತ್ರ ನಂಬರಿನಿಂದ ಶುರುವಾಗುತ್ತದೆ.

ತಪ್ಪು ಕಲ್ಪನೆ: ಹಾಗಾದರೆ ಕ್ಯಾಲಾಕ್ ಬಳಸಿ ಎಲ್ಲವನ್ನೂ ಸೊನ್ನೆ ಮಾಡಿದರಾಯಿತು

ವಾಸ್ತವ: ಎಲ್ಲಕ್ಕಿಂತ ಹೆಚ್ಚು ಜನ ನಂಬಿರುವುದು, ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಇದೇ. ಸೊನ್ನೆ ಎಂದರೆ ಖಾಲಿ ಎಂದು ನಮ್ಮ ಮನಸ್ಸು ಓದಿಕೊಳ್ಳುತ್ತದೆ. ಯಂತ್ರಕ್ಕೆ ಸೊನ್ನೆಯೂ ಒಂದು ಮೌಲ್ಯ, ಕೆಲವು ಕಡೆ ಅಪಾಯದ ಮೌಲ್ಯ.

ವಿದ್ಯುತ್ ಮೀಟರಿನಿಂದ ಸೀರಿಯಲ್ ಪೋರ್ಟ್ ಮೂಲಕ ರೀಡಿಂಗ್ ತೆಗೆಯುವ ಪುಟ್ಟ ಪ್ರೋಗ್ರಾಮ್ ಇದೆ ಎಂದುಕೊಳ್ಳಿ. ಅದರ ಗ್ಲೋಬಲ್‌ಗಳಲ್ಲಿ ಎರಡಕ್ಕೆ ಆರಂಭದ ಮೌಲ್ಯ ಕೊಟ್ಟಿದ್ದಾರೆ: ಬಾಡ್ ರೇಟ್ 9600, ಪೋರ್ಟಿನ ಫೈಲ್ ಡಿಸ್ಕ್ರಿಪ್ಟರ್ -1. ಉಳಿದವು ಬರಿದೇ. ಇವೆಲ್ಲ ಸ್ಟ್ರಕ್ಚರಿಗೆ ಹೋದವು. ಸಿ ಭಾಷೆಯಲ್ಲಿ ಸ್ಟ್ರಕ್ಚರಿನ ವ್ಯಾಖ್ಯೆಯೊಳಗೆ ಆರಂಭದ ಮೌಲ್ಯ ಬರೆಯಲು ಬರುವುದಿಲ್ಲ. ಕಂಪೈಲರ್ ಗದರಿತು, 9600 ಮತ್ತು -1 ಎರಡನ್ನೂ ಅಳಿಸಿದರು, ಕ್ಯಾಲಾಕ್ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡರು.

ಬಾಡ್ ರೇಟ್ ಸೊನ್ನೆಯಾದದ್ದು ಬೇಗ ಗೊತ್ತಾಗುತ್ತದೆ, ಮೀಟರ್ ಮಾತೇ ಆಡುವುದಿಲ್ಲ. ಡಿಸ್ಕ್ರಿಪ್ಟರಿನ ಕಥೆ ಬೇರೆ. ಯೂನಿಕ್ಸ್ ಬಗೆಯ ಸಿಸ್ಟಮ್‌ಗಳಲ್ಲಿ ಸೊನ್ನೆ ನಂಬರಿನ ಡಿಸ್ಕ್ರಿಪ್ಟರ್ ಎಂದರೆ ಸ್ಟ್ಯಾಂಡರ್ಡ್ ಇನ್‌ಪುಟ್, ಅಂದರೆ ತೆರೆದೇ ಇರುವ ಫೈಲ್. ಈಗ ಪೋರ್ಟ್ ತೆರೆಯುವ ಮುಂಚೆಯೇ ಕಾನ್ಫಿಗ್ ಫೈಲ್ ಓದುವಲ್ಲಿ ತಪ್ಪಾಯಿತು ಎನ್ನಿ. ಕ್ಲೀನಪ್ ಫಂಕ್ಷನ್ ಬರುತ್ತದೆ. ಡಿಸ್ಕ್ರಿಪ್ಟರ್ -1 ಅಲ್ಲವಲ್ಲ, ಹಾಗಾದರೆ ತೆರೆದಿದೆ ಎಂದು ತಿಳಿದು ಮುಚ್ಚುತ್ತದೆ. ಮುಚ್ಚಿದ್ದು ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು. ಆಮೇಲೆ ಯಾರೋ ಲಾಗ್ ಫೈಲ್ ತೆರೆಯುತ್ತಾರೆ. ಖಾಲಿ ಇರುವ ನಂಬರ್‌ಗಳಲ್ಲಿ ಅತಿ ಚಿಕ್ಕದನ್ನು ಕೊಡುವುದು ಓಪನ್ ಕರೆಯ ನಿಯಮ, ಆದ್ದರಿಂದ ಲಾಗ್ ಫೈಲಿಗೆ ಸೊನ್ನೆ ಸಿಗುತ್ತದೆ. ಮತ್ತೊಮ್ಮೆ ಪ್ರಯತ್ನಿಸೋಣ ಎಂದು ಪ್ರೋಗ್ರಾಮ್ ಹೊಸ ಸ್ಟ್ರಕ್ಚರ್ ಪಡೆದು, ಪುನಃ ಎಡವಿ, ಪುನಃ ಕ್ಲೀನಪ್ ಮಾಡಿದರೆ ಈ ಸಲ ಮುಚ್ಚಿಹೋಗುವುದು ಲಾಗ್ ಫೈಲ್. ಲಾಗ್ ಅರ್ಧಕ್ಕೇ ಯಾಕೆ ನಿಂತಿತು ಎಂದು ಹುಡುಕುವವರು ಸೀರಿಯಲ್ ಪೋರ್ಟಿನ ಕೋಡ್ ಕಡೆ ತಿರುಗಿಯೂ ನೋಡುವುದಿಲ್ಲ.

ಮ್ಯೂಟೆಕ್ಸ್‌ಗಳದ್ದೂ ಇದೇ ಪಾಡು. ಗ್ಲೋಬಲ್ ಆಗಿದ್ದಾಗ ಪಿಥ್ರೆಡ್ಸ್ ಲೈಬ್ರರಿ ಕೊಡುವ ಆರಂಭದ ಮ್ಯಾಕ್ರೊ ಬರೆದರೆ ಸಾಕಿತ್ತು. ಸ್ಟ್ರಕ್ಚರಿನೊಳಗೆ ಬಂದ ಮೇಲೆ ಇನಿಟ್ ಫಂಕ್ಷನ್ನನ್ನೇ ಕರೆಯಬೇಕು. ಮರೆತರೆ? ಲಿನಕ್ಸಿನ ಜಿಲಿಬ್‌ಸಿಯಲ್ಲಿ ಆ ಮ್ಯಾಕ್ರೊದ ಒಳಗಿರುವುದು ಬರೀ ಸೊನ್ನೆಗಳು, ಕ್ಯಾಲಾಕ್ ಮಾಡಿದ ಮ್ಯೂಟೆಕ್ಸ್ ಸುಮ್ಮನೆ ಕೆಲಸ ಮಾಡಿಬಿಡುತ್ತದೆ. ಮ್ಯಾಕ್ ಓಎಸ್‌ನಲ್ಲಿ ಅದರೊಳಗೆ ಗುರುತಿನ ಸಂಖ್ಯೆಯೊಂದು ಇರಲೇಬೇಕು. ಸೊನ್ನೆ ಇದ್ದರೆ ಲಾಕ್ ಮಾಡುವ ಕರೆ ಎರರ್ ಹಿಂತಿರುಗಿಸುತ್ತದೆ. ಆ ಎರರನ್ನು ಯಾರು ತಾನೇ ಪರೀಕ್ಷಿಸುತ್ತಾರೆ? ಲಿನಕ್ಸ್ ಕರ್ನಲ್ಲಿನ ಲಿಂಕ್ಡ್ ಲಿಸ್ಟಿನಲ್ಲಂತೂ ಖಾಲಿ ಲಿಸ್ಟ್ ಎಂದರೆ ತನ್ನನ್ನೇ ತಾನು ತೋರಿಸುವ ಪಾಯಿಂಟರ್‌ಗಳ ಜೋಡಿ. ಅದನ್ನು ಸೊನ್ನೆ ಮಾಡಿ ಬಿಟ್ಟರೆ ಮೊದಲ ಸೇರ್ಪಡೆಯಲ್ಲೇ ಕುಸಿತ.

ಸರಿಯಾದ ದಾರಿ ಅಷ್ಟೇನೂ ಕಷ್ಟದ್ದಲ್ಲ. ಸಿ99ರಿಂದ ಸದಸ್ಯರ ಹೆಸರು ಹೇಳಿ ಮೌಲ್ಯ ಕೊಡುವ ಸೌಲಭ್ಯ ಇದೆ. ಇನಿಟ್ ಫಂಕ್ಷನ್ನಿನ ಮೊದಲ ಸಾಲಿನಲ್ಲೇ ಇಡೀ ಸ್ಟ್ರಕ್ಚರಿಗೆ ಹೊಸ ಮೌಲ್ಯ ಇಡಿ: ಡಿಸ್ಕ್ರಿಪ್ಟರ್ -1, ಬಾಡ್ ರೇಟ್ 9600. ಹೆಸರಿಸದ ಸದಸ್ಯರೆಲ್ಲ ಗ್ಲೋಬಲ್‌ಗಳ ನಿಯಮದಂತೆಯೇ ಸೊನ್ನೆಯಾಗುತ್ತವೆ, ಪಾಯಿಂಟರ್‌ಗಳು ನಿಜವಾದ ನಲ್ ಆಗುತ್ತವೆ. (ಸ್ಟ್ರಕ್ಚರಿನೊಳಗೆ 64 ಕಿಲೋಬೈಟಿನ ಬಫರ್ ಇದ್ದರೆ ಹುಷಾರು. ಹೀಗೆ ಬರೆದಾಗ ಕಂಪೈಲರ್ ಅಷ್ಟು ದೊಡ್ಡ ತಾತ್ಕಾಲಿಕ ನಕಲನ್ನು ಸ್ಟ್ಯಾಕ್ ಮೇಲೆ ಮಾಡಬಹುದು, ಪುಟ್ಟ ಬೋರ್ಡುಗಳಲ್ಲಿ ಅದು ತಡೆಯುವುದಿಲ್ಲ.) ಇದಾದ ಮೇಲಷ್ಟೇ ಫೈಲ್ ತೆರೆಯುವುದು, ಮೆಮೊರಿ ಕೇಳುವುದು, ಮ್ಯೂಟೆಕ್ಸ್ ಸಿದ್ಧ ಮಾಡುವುದು. ಫೈಲು, ಮೆಮೊರಿಗಳ ಮಟ್ಟಿಗೆ "ಕೈಯಲ್ಲಿ ಇನ್ನೂ ಏನೂ ಇಲ್ಲ" ಎನ್ನುವ ಸ್ಥಿತಿ ಮೊದಲೇ ಬರೆದಿದ್ದರೆ, ಮಧ್ಯದಲ್ಲಿ ಎಲ್ಲಿ ಕೈಕೊಟ್ಟರೂ ಒಂದೇ ಕ್ಲೀನಪ್ ಫಂಕ್ಷನ್ ಧೈರ್ಯವಾಗಿ ಕರೆಯಬಹುದು. ಮ್ಯೂಟೆಕ್ಸಿಗೆ ಇಂಥ ಖಾಲಿ ಮೌಲ್ಯ ಇಲ್ಲ. ಅದು ಸಿದ್ಧವಾಯಿತೇ ಎಂದು ನೆನಪಿಡಲು ಪಕ್ಕದಲ್ಲಿ ಒಂದು ಫ್ಲ್ಯಾಗ್ ಇಟ್ಟುಕೊಳ್ಳಬೇಕು.

ಸೈಜಾಫ್ ಬಗ್ಗೆಯೂ ಒಂದು ಮಾತು. ಸ್ಟ್ರಕ್ಚರಿನ ಬದಲು ಅದರ ಪಾಯಿಂಟರಿನ ಸೈಜ್ ಕೊಟ್ಟು ಮೆಮ್‌ಸೆಟ್ ಮಾಡಿದರೆ 64 ಬಿಟ್ ಯಂತ್ರದಲ್ಲಿ ಸೊನ್ನೆಯಾಗುವುದು ಮೊದಲ 8 ಬೈಟ್ ಮಾತ್ರ. ನಕ್ಷತ್ರದ ಗುರುತೊಂದು ಬಿಟ್ಟುಹೋಗಿರುತ್ತದೆ ಅಷ್ಟೇ. 1024 ಬೈಟಿನ ಗ್ಲೋಬಲ್ ಅರೇ ಇದ್ದದ್ದು ಸ್ಟ್ರಕ್ಚರಿನಲ್ಲಿ ಪಾಯಿಂಟರ್ ಆಗಿ ಬದಲಾದರೂ ಇದೇ ಗತಿ: ಅದರ ಸೈಜ್ ಕೇಳಿ ಬರೆದಿದ್ದ ಹಳೆಯ ಸಾಲುಗಳೆಲ್ಲ ಚಕಾರವಿಲ್ಲದೆ ಕಂಪೈಲ್ ಆಗಬಹುದು, 1024ರ ಜಾಗದಲ್ಲಿ 8 ಬರುತ್ತದೆ. ಜಿಸಿಸಿಯ ವಾರ್ನಿಂಗ್‌ಗಳನ್ನು ಪೂರ್ತಿ ತೆರೆದಿಟ್ಟರೆ ಇಂಥ ಕೆಲವನ್ನು ಅದೇ ಹಿಡಿದುಕೊಡುತ್ತದೆ. ತೆರೆದಿಡದೆ ಈ ಕೆಲಸಕ್ಕೆ ಕೈ ಹಾಕಲೇಬಾರದು.

ತಪ್ಪು ಕಲ್ಪನೆ: ಎಲ್ಲ ಗ್ಲೋಬಲ್‌ಗಳಿಗೂ ಒಂದೇ ದೊಡ್ಡ ಸ್ಟ್ರಕ್ಚರ್ ಸಾಕು

ವಾಸ್ತವ: ಇನ್ನೂರು ಸದಸ್ಯರಿರುವ, "ಕಾಂಟೆಕ್ಸ್ಟ್" ಎಂಬ ಹೆಸರಿನ ಸ್ಟ್ರಕ್ಚರ್ ಪಾಯಿಂಟರನ್ನು ಎಲ್ಲ ಫಂಕ್ಷನ್‌ಗಳಿಗೂ ಕೊಟ್ಟರೆ ಆಗುವ ಬದಲಾವಣೆ ಟೈಪ್ ಮಾಡುವ ಅಕ್ಷರಗಳ ಸಂಖ್ಯೆಯಲ್ಲಿ ಮಾತ್ರ. ಯಾರು ಬೇಕಾದರೂ ಏನನ್ನು ಬೇಕಾದರೂ ತಿದ್ದುವ ಹಳೆಯ ಸ್ಥಿತಿ ಹಾಗೇ ಇದೆ.

ಹಂಚುವುದು ಹೇಗೆ? ವಿಷಯಕ್ಕೆ ತಕ್ಕಂತೆ ಎನ್ನುತ್ತಾರೆ ಹಲವರು: ನೆಟ್‌ವರ್ಕಿನದು ಒಂದು ಕಡೆ, ಡಿಸ್ಕಿನದು ಇನ್ನೊಂದು ಕಡೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯ ಪ್ರಶ್ನೆ ಆಯಸ್ಸಿನದು. ಯಾವುದು ಎಲ್ಲಿಯವರೆಗೆ ಬದುಕಿರಬೇಕು? ಒಟ್ಟಿಗೆ ಹುಟ್ಟಿ ಒಟ್ಟಿಗೆ ಸಾಯುವ ವೇರಿಯಬಲ್‌ಗಳು ಒಂದು ಸ್ಟ್ರಕ್ಚರಿನಲ್ಲಿರಲಿ.

ಇದರ ಚೆಂದದ ಉದಾಹರಣೆ ಸಿಗುವುದು 1996ರ ಕ್ವೇಕ್ ಆಟದಲ್ಲಿ. ಇಡ್ ಸಾಫ್ಟ್‌ವೇರ್ ಅದರ ಸೋರ್ಸ್ ಕೋಡನ್ನು 1999ರಲ್ಲಿ ಜಿಪಿಎಲ್ ಅಡಿ ಹೊರಬಿಟ್ಟಿತು, ಯಾರು ಬೇಕಾದರೂ ಓದಬಹುದು. ಆಟಗಾರನ ಕಡೆಯ ಸ್ಥಿತಿ ಅಲ್ಲಿ ಎರಡು ಸ್ಟ್ರಕ್ಚರ್‌ಗಳಲ್ಲಿದೆ. ಸಿಎಲ್ ಎಂಬುದು ಪ್ರತಿ ಸಲ ಸರ್ವರಿಗೆ ಸೇರುವಾಗಲೂ ಪೂರ್ತಿ ಅಳಿಸಿಹೋಗುತ್ತದೆ. ನೋಟದ ಕೋನ, ಆ ಹಂತದ ಮಾಡೆಲ್‌ಗಳು, ಆರೋಗ್ಯ, ಗುಂಡುಗಳ ಲೆಕ್ಕ ಎಲ್ಲ ಅದರಲ್ಲಿ. ಸಿಎಲ್‌ಎಸ್ ಎಂಬುದು ಎಷ್ಟು ಸರ್ವರ್ ಬದಲಿಸಿದರೂ ಉಳಿಯುತ್ತದೆ. ಸಂಪರ್ಕ ಇದೆಯೇ ಇಲ್ಲವೇ, ಡೆಮೊ ರೆಕಾರ್ಡ್ ಆಗುತ್ತಿದೆಯೇ ಎನ್ನುವುದು ಅದರಲ್ಲಿ. ಸರ್ವರ್ ಕಡೆಯೂ ಹಾಗೆಯೇ: ಎಸ್‌ವಿ ಒಂದು ಹಂತದ ಮಟ್ಟಿಗೆ, ಎಸ್‌ವಿಎಸ್ ಹಂತಗಳನ್ನು ದಾಟಿ. ಯಾವ ಅಧ್ಯಾಯ ಮುಗಿಸಿದ್ದೀರಿ ಎನ್ನುವ ಲೆಕ್ಕ ಎರಡನೆಯದರಲ್ಲಿದೆ, ಇಲ್ಲದಿದ್ದರೆ ಹಂತ ಬದಲಾದ ಕೂಡಲೇ ಆಟಗಾರನ ಶ್ರಮವೆಲ್ಲ ಮಣ್ಣುಪಾಲು.

ಈ ಹಂಚಿಕೆಯ ಲಾಭ ಕಾಣುವುದು ಹೊಸ ಹಂತ ಶುರುವಾಗುವಾಗ. ಯಾವ ವೇರಿಯಬಲ್ ಸೊನ್ನೆ ಮಾಡಬೇಕು, ಯಾವುದನ್ನು ಬಿಡಬೇಕು ಎಂಬ ಪಟ್ಟಿಯೇ ಬೇಡ. ಸಿಎಲ್ ಮತ್ತು ಎಸ್‌ವಿ ಮೇಲೆ ಒಂದೊಂದು ಮೆಮ್‌ಸೆಟ್. ಮುಂದೆ ಯಾರೋ ಹೊಸ ಸದಸ್ಯ ಸೇರಿಸಿದರೂ ಅದು ತಾನಾಗಿ ಅಳಿಯುತ್ತದೆ. ಸೊನ್ನೆ ಸಾಲದು ಎಂದು ಈಗಷ್ಟೇ ಹೇಳಿ ಇಲ್ಲಿ ಮೆಮ್‌ಸೆಟ್ ಹೊಗಳುತ್ತಿದ್ದೇನೆ ಎನ್ನಬೇಡಿ. ಸೊನ್ನೆಯೇ ಸರಿಯಾದ ಆರಂಭ ಆಗುವಂತೆ ಸದಸ್ಯರನ್ನು ಆರಿಸಿಟ್ಟವರಿಗೆ ಮೆಮ್‌ಸೆಟ್ ಒಗ್ಗುತ್ತದೆ. ಅದು ಯೋಚಿಸಿ ತೆಗೆದುಕೊಂಡ ತೀರ್ಮಾನ.

ಇನ್ನೊಂದು ಸಂಗತಿ: ಈ ನಾಲ್ಕು ಸ್ಟ್ರಕ್ಚರ್‌ಗಳೂ ಕ್ವೇಕ್‌ನಲ್ಲಿ ಗ್ಲೋಬಲ್‌ಗಳೇ.

ತಪ್ಪು ಕಲ್ಪನೆ: ಸ್ಟ್ರಕ್ಚರೇ ಗ್ಲೋಬಲ್ ಆಗಿ ಉಳಿದರೆ ಮಾಡಿದ್ದೆಲ್ಲ ವ್ಯರ್ಥ

ವಾಸ್ತವ: ಹಲವು ದೊಡ್ಡ ಪ್ರಾಜೆಕ್ಟುಗಳು ಇಲ್ಲಿಂದಲೇ ಹಾದುಹೋಗಿವೆ. ಗಿಟ್‌ನಲ್ಲಿ ಇಂಡೆಕ್ಸಿಗೆ ಸಂಬಂಧಿಸಿದ ಗ್ಲೋಬಲ್‌ಗಳನ್ನು 2007ರಲ್ಲಿ ಒಂದು ಸ್ಟ್ರಕ್ಚರಿಗೆ ಸೇರಿಸಿದರು. ಆ ಸ್ಟ್ರಕ್ಚರಿನ ಒಂದು ಪ್ರತಿ ಗ್ಲೋಬಲ್ ಆಗಿ ಉಳಿಯಿತು, ಹಳೆಯ ಹೆಸರುಗಳು ಆ ಪ್ರತಿಯ ಸದಸ್ಯರನ್ನು ತೋರಿಸುವ ಮ್ಯಾಕ್ರೊಗಳಾದವು. ಅವನ್ನು ಬಳಸುತ್ತಿದ್ದ ಕೋಡನ್ನೆಲ್ಲ ಒಂದೇ ಏಟಿಗೆ ಬದಲಿಸುವ ತಾಪತ್ರಯ ತಪ್ಪಿತು. ಹತ್ತು ವರ್ಷದ ನಂತರ, 2017ರಲ್ಲಿ, ಇಡೀ ರೆಪೊಸಿಟರಿಗೇ ಒಂದು ಸ್ಟ್ರಕ್ಚರ್ ಬಂತು. ಅದರ ಹಿಂದಿದ್ದ ಒತ್ತಡ ತತ್ವದ್ದಲ್ಲ, ನಿತ್ಯದ ಉಪಯೋಗದ್ದು: ಸಬ್‌ಮಾಡ್ಯೂಲ್‌ಗಳ ಒಳಗೂ ಹುಡುಕಬೇಕೆಂದರೆ ಗಿಟ್ ಅದಕ್ಕಾಗಿ ಬೇರೆ ಪ್ರಾಸೆಸ್ ಹುಟ್ಟಿಸಬೇಕಿತ್ತು, ಯಾಕೆಂದರೆ ಒಂದು ಪ್ರಾಸೆಸ್ಸಿಗೆ ಒಂದೇ ರೆಪೊಸಿಟರಿ ಎಂದು ಗ್ಲೋಬಲ್‌ಗಳು ತೀರ್ಮಾನ ಮಾಡಿಬಿಟ್ಟಿದ್ದವು. ಅದಾದ ಮೇಲೂ "ಈಗಿನ ರೆಪೊಸಿಟರಿ" ಎಂಬ ಗ್ಲೋಬಲ್ ಉಳಿದೇ ಇತ್ತು. ಅದನ್ನು ಬಳಸುವ ಫೈಲ್‌ಗಳು ಮೊದಲು ಒಂದು ಮ್ಯಾಕ್ರೊ ಬರೆದು ಒಪ್ಪಿಕೊಳ್ಳಬೇಕು ಎಂಬ ಕಟ್ಟುಪಾಡು ಬಂದದ್ದು 2024ರಲ್ಲಿ.

ಲಿನಕ್ಸ್ ಕರ್ನಲ್ಲಿನ ನೆಟ್‌ವರ್ಕ್ ಭಾಗದ ಕಥೆಯೂ ಇಂಥದ್ದೇ. ರೂಟಿಂಗ್ ಟೇಬಲ್, ಇಂಟರ್‌ಫೇಸ್‌ಗಳ ಪಟ್ಟಿ, ಸೆಟ್ಟಿಂಗ್‌ಗಳು ಎಲ್ಲ ಒಂದು ಕಾಲಕ್ಕೆ ಗ್ಲೋಬಲ್‌ಗಳು. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಿಂದ ಒಂದೊಂದಾಗಿ ನೆಟ್ ಎಂಬ ಸ್ಟ್ರಕ್ಚರಿಗೆ ಹೋಗತೊಡಗಿದವು. ಇಂದು ಪ್ರತಿ ಕಂಟೈನರಿಗೂ ಅದರದ್ದೇ ನೆಟ್‌ವರ್ಕ್ ಇರುವುದು ಈ ಬೇಸರದ ಕೆಲಸದಿಂದಾಗಿ. ಕರ್ನಲ್ ಬೂಟ್ ಆಗುವಾಗ ಬಳಸುವ ಮೊದಲ ಪ್ರತಿ ಮಾತ್ರ ಇಂದಿಗೂ ಗ್ಲೋಬಲ್. ಪ್ರತಿ ಉಪವಿಭಾಗವೂ ತನ್ನ ಇನಿಟ್ ಮತ್ತು ಎಕ್ಸಿಟ್ ಫಂಕ್ಷನ್‌ಗಳನ್ನು ನೋಂದಾಯಿಸಬಹುದು. ಹೊಸ ನೇಮ್‌ಸ್ಪೇಸ್, ಅಂದರೆ ನೆಟ್ ಸ್ಟ್ರಕ್ಚರಿನ ಹೊಸ ಪ್ರತಿ, ಹುಟ್ಟಿದಾಗ ಇನಿಟ್‌ಗಳು ಸಾಲಾಗಿ ಓಡುತ್ತವೆ, ನಡುವೆ ಒಂದು ಸೋತರೆ ಅಲ್ಲಿಯವರೆಗೆ ಆದವುಗಳನ್ನು ಕರ್ನಲ್ ಹಿಮ್ಮುಖವಾಗಿ ಬಿಚ್ಚುತ್ತದೆ.

ಗಿಟ್‌ನಂತೆ ಹಳೆಯ ಹೆಸರುಗಳಿಗೆ ಮ್ಯಾಕ್ರೊ ಸೇತುವೆ ಕಟ್ಟುವವರಿಗೆ ಒಂದು ಎಚ್ಚರಿಕೆ. ಹಳೆಯ ಗ್ಲೋಬಲ್ ಹೆಸರು "ಕೌಂಟ್" ಎಂದಿದ್ದು ಅದನ್ನೇ ಮ್ಯಾಕ್ರೊ ಮಾಡಿದರೆ, ಬೇರೆ ಫಂಕ್ಷನ್ನಿನ ಲೋಕಲ್ ಕೌಂಟ್ ಕೂಡ ಬದಲಾಗಿ ಅರ್ಥವಾಗದ ಎರರ್‌ಗಳು ಉದುರುತ್ತವೆ.

ತಪ್ಪು ಕಲ್ಪನೆ: ಪಾಯಿಂಟರ್ ಮೂಲಕ ಹೋದರೆ ನಿಧಾನ, ಚಿಕ್ಕ ಚಿಪ್‌ಗಳಿಗೆ ಗ್ಲೋಬಲ್ಲೇ ಸರಿ

ವಾಸ್ತವ: ಆರ್ಮ್ ಕಾರ್ಟೆಕ್ಸ್-ಎಂ ಚಿಪ್‌ಗಳಲ್ಲಿ ಹಲವು ಸಲ ಇದು ತಿರುಗುಮುರುಗು. ಗ್ಲೋಬಲ್ ಓದಲು ಮೊದಲು ಅದರ 32 ಬಿಟ್ ವಿಳಾಸವನ್ನು ಕೋಡಿನ ಪಕ್ಕದ ಟೇಬಲಿನಿಂದ ರಿಜಿಸ್ಟರಿಗೆ ತರಬೇಕು, ಆಮೇಲೆ ಮೌಲ್ಯ ಓದಬೇಕು. ಚದುರಿದ ಐದು ಗ್ಲೋಬಲ್‌ಗಳಿದ್ದರೆ ವಿಳಾಸವೂ ಐದು ಬೇಕಾಗಬಹುದು. ಸ್ಟ್ರಕ್ಚರಿನ ಪಾಯಿಂಟರ್ ರಿಜಿಸ್ಟರಿನಲ್ಲಿದ್ದರೆ ಐದೂ ಸದಸ್ಯರಿಗೆ ಅದೇ ಆಧಾರ, ಒಂದೊಂದಕ್ಕೆ ಒಂದೇ ಇನ್‌ಸ್ಟ್ರಕ್ಷನ್. 32 ಬಿಟ್ ಗಾತ್ರದ ಸದಸ್ಯರು ಮೊದಲ 128 ಬೈಟಿನೊಳಗೆ ಇದ್ದರೆ 16 ಬಿಟ್ಟಿನ ಚಿಕ್ಕ ಇನ್‌ಸ್ಟ್ರಕ್ಷನ್ನೇ ಸಾಕು. ಹಾಗಾಗಿ ಹೆಚ್ಚು ಬಳಸುವ ಸದಸ್ಯರನ್ನು ಮುಂದಿಟ್ಟು, ದೊಡ್ಡ ಬಫರುಗಳನ್ನು ಕೊನೆಗೆ ತಳ್ಳಿ.

ನಿಧಾನ ಆಗುವುದೇ ಇಲ್ಲ ಎಂದೇನಲ್ಲ. ಫೈಲಿನೊಳಗೇ ಇರುವ, ಯಾರಿಗೂ ವಿಳಾಸ ಕೊಡದ ಸ್ಟ್ಯಾಟಿಕ್ ವೇರಿಯಬಲ್ಲನ್ನು ಬೇರೆ ಪಾಯಿಂಟರ್ ಮುಟ್ಟಲಾರದು ಎಂದು ಕಂಪೈಲರಿಗೆ ಖಾತ್ರಿ ಇರುತ್ತದೆ. ಸ್ಟ್ರಕ್ಚರಿನ ಸದಸ್ಯನ ಬಗ್ಗೆ ಆ ಖಾತ್ರಿ ಇಲ್ಲ, ಲೂಪಿನಲ್ಲಿ ಮತ್ತೆ ಮತ್ತೆ ಓದಬೇಕಾಗಬಹುದು. ಬಿಗಿ ಲೂಪಿಗೆ ಮುಂಚೆ ಲೋಕಲ್ ವೇರಿಯಬಲ್ಲಿಗೆ ತೆಗೆದುಕೊಂಡರೆ ಆ ತಕರಾರು ಮುಗಿಯಿತು.

ತಪ್ಪು ಕಲ್ಪನೆ: ಸ್ಟ್ರಕ್ಚರ್ ಮಾಡಿದರೆ ಥ್ರೆಡ್‌ಗಳ ಸಮಸ್ಯೆ ತಾನಾಗಿ ತೀರುತ್ತದೆ

ವಾಸ್ತವ: ಪ್ರತಿ ಥ್ರೆಡ್ಡಿಗೂ ಬೇರೆ ಪ್ರತಿ ಕೊಟ್ಟರೆ ತೀರುತ್ತದೆ. ಸ್ಟ್ರಿಂಗನ್ನು ತುಂಡು ಮಾಡುವ ಸ್ಟ್ರ್‌ಟೋಕ್ ಎಲ್ಲಿಗೆ ನಿಲ್ಲಿಸಿದೆನೆಂದು ತನ್ನೊಳಗೇ ಬಚ್ಚಿಟ್ಟುಕೊಳ್ಳುತ್ತದೆ. ಅದರ ಸ್ಟ್ರ್‌ಟೋಕ್-ಆರ್ ರೂಪ ಆ ಗುರುತನ್ನು ಕರೆದವರ ಕೈಗೇ ಕೊಡುತ್ತದೆ, ಆದ್ದರಿಂದ ಇಬ್ಬರು ಒಟ್ಟಿಗೆ ಬಳಸಬಹುದು. ಒಂದೇ ಪ್ರತಿಯನ್ನು ಇಬ್ಬರು ಹಂಚಿಕೊಂಡರೆ ಮಾತ್ರ ಲಾಕ್ ಬೇಕೇ ಬೇಕು, ಗ್ಲೋಬಲ್ ಕಾಲದಲ್ಲಿ ಬೇಕಿದ್ದಂತೆಯೇ.

ತಪ್ಪು ಕಲ್ಪನೆ: ಒಂದು ಗ್ಲೋಬಲ್ ಕೂಡ ಉಳಿಯಬಾರದು

ವಾಸ್ತವ: ಮೈಕ್ರೊಕಂಟ್ರೋಲರಿನ ಇಂಟರಪ್ಟ್ ಹ್ಯಾಂಡ್ಲರಿಗೆ ಆರ್ಗ್ಯುಮೆಂಟ್ ಕೊಡುವವರಿಲ್ಲ. ಹಾರ್ಡ್‌ವೇರ್ ಅದನ್ನು ಬರಿಗೈಯಲ್ಲೇ ಕರೆಯುತ್ತದೆ. ಅಲ್ಲಿ ಫೈಲಿನೊಳಗೆ ಒಂದು ಸ್ಟ್ಯಾಟಿಕ್ ಪಾಯಿಂಟರ್ ಇಟ್ಟು, ಇನಿಟ್ ಪೂರ್ತಿ ಮುಗಿದ ಮೇಲೆ ಅದನ್ನು ತುಂಬಿ, ಕೊನೆಯಲ್ಲಿ ಇಂಟರಪ್ಟ್ ಚಾಲೂ ಮಾಡುವುದು ಸರಿಯಾದ ಕ್ರಮ. ಕ್ರಮ ತಪ್ಪಿ ಮೊದಲೇ ಚಾಲೂ ಮಾಡಿದರೆ ಹ್ಯಾಂಡ್ಲರ್ ನಲ್ ಪಾಯಿಂಟರ್ ಹಿಡಿದುಕೊಂಡು ಓಡುತ್ತದೆ. ಬದಲಾಗದ ಕಾನ್ಸ್ಟ್ ಟೇಬಲ್‌ಗಳನ್ನಂತೂ ಸ್ಟ್ರಕ್ಚರಿಗೆ ಎಳೆದು ತರಬೇಡಿ. ಫ್ಲ್ಯಾಶಿನಲ್ಲಿ ತಣ್ಣಗಿದ್ದವು ರ‍್ಯಾಮ್ ತಿನ್ನತೊಡಗುತ್ತವೆ.

ತಪ್ಪು ಕಲ್ಪನೆ: ಕಂಪೈಲ್ ಆಯಿತು, ಟೆಸ್ಟ್ ಪಾಸಾಯಿತು, ಕೆಲಸ ಮುಗಿಯಿತು

ವಾಸ್ತವ: ಗ್ಲೋಬಲ್ ಡಿಕ್ಲರೇಷನ್ ಅಳಿಸಿದರೆ ಅದನ್ನು ಬಳಸಿದ ಜಾಗಗಳನ್ನೆಲ್ಲ ಕಂಪೈಲರೇ ಪಟ್ಟಿ ಮಾಡಿಕೊಡುತ್ತದೆ, ನಿಜ. ಫಂಕ್ಷನ್‌ಗಳ ಒಳಗೆ ಅಡಗಿರುವ ಸ್ಟ್ಯಾಟಿಕ್‌ಗಳು ಆ ಪಟ್ಟಿಯಲ್ಲಿ ಬರುವುದಿಲ್ಲ. "ಮೊದಲ ಸಲವೇ?" ಎಂದು ನೋಡುವ ಪುಟ್ಟ ಫ್ಲ್ಯಾಗ್ ಸಾಮಾನ್ಯವಾಗಿ ಅಲ್ಲಿರುತ್ತದೆ. ಎರಡನೆಯ ಪ್ರತಿ ಹುಟ್ಟಿಸಿದಾಗ ಅದಕ್ಕೆ ಮೊದಲ ಸಲದ ಸಿದ್ಧತೆಯೇ ಆಗುವುದಿಲ್ಲ. ಆದ್ದರಿಂದ ಒಂದೇ ಪ್ರಾಸೆಸ್ಸಿನಲ್ಲಿ ಎರಡು ಪ್ರತಿ ಮಾಡಿ, ಕರೆಗಳನ್ನು ಒಂದು ಅದಕ್ಕೆ ಒಂದು ಇದಕ್ಕೆ ಎಂದು ಹೆಣೆದು ಒಂದು ಟೆಸ್ಟ್ ಬರೆಯಿರಿ. ಇನಿಟ್ ಕರೆಯುವ ಮುಂಚೆ ಸ್ಟ್ರಕ್ಚರಿನ ಜಾಗಕ್ಕೆಲ್ಲ ಬೇಕೆಂದೇ 170ರಂಥ ಅರ್ಥವಿಲ್ಲದ ಬೈಟ್ ತುಂಬಿ. ಇನಿಟ್ ಯಾವುದನ್ನು ಮರೆತಿದೆಯೋ ಅದು ಅಲ್ಲೇ ಸಿಕ್ಕಿಬೀಳುತ್ತದೆ. ವಾಲ್‌ಗ್ರೈಂಡ್ ಇದೆಯಲ್ಲ ಎನ್ನಬಹುದು. ಮ್ಯಾಲಾಕ್ ಮಾಡಿದ ಕಸವನ್ನು ಅದು ಹಿಡಿಯುತ್ತದೆ, ಆದರೆ ಕ್ಯಾಲಾಕ್ ಕೊಟ್ಟ ಸೊನ್ನೆ ಅದರ ಲೆಕ್ಕದಲ್ಲಿ ಸರಿಯಾಗಿ ಇಟ್ಟ ಮೌಲ್ಯವೇ. ಮೀಟರ್ ಪ್ರೋಗ್ರಾಮಿನ ಸೊನ್ನೆ ಡಿಸ್ಕ್ರಿಪ್ಟರ್ ಅದಕ್ಕೆ ಕಾಣುವುದೇ ಇಲ್ಲ.

ಕೊನೆಗೆ ಆಬ್ಜೆಕ್ಟ್ ಫೈಲ್‌ಗಳ ಮೇಲೆ ಎನ್ಎಂ ಕಮಾಂಡ್ ಓಡಿಸಿ. ಬಿ ಮತ್ತು ಡಿ ಅಕ್ಷರದ ಸಾಲುಗಳು, ದೊಡ್ಡಕ್ಷರವಾಗಲಿ ಚಿಕ್ಕಕ್ಷರವಾಗಲಿ, ಬದಲಾಗಬಲ್ಲ ಗ್ಲೋಬಲ್‌ಗಳು ಮತ್ತು ಸ್ಟ್ಯಾಟಿಕ್‌ಗಳು. ಹೆಸರಿನ ಬಾಲದಲ್ಲಿ ಚುಕ್ಕೆ ಮತ್ತು ನಂಬರ್ ಇದ್ದರೆ ಅದು ಫಂಕ್ಷನ್ ಒಳಗೆ ಅಡಗಿದ್ದದ್ದು. ಜಿಸಿಸಿ ಅದಕ್ಕೆ ಹಾಗೆ ಹೆಸರಿಡುತ್ತದೆ. ಸಿಪೈಥಾನ್ ತಂಡ ಇಂಥದ್ದೇ ಪರೀಕ್ಷೆಗೆ ತನ್ನ ರೆಪೊಸಿಟರಿಯಲ್ಲೇ ಒಂದು ಟೂಲ್ ಇಟ್ಟುಕೊಂಡಿದೆ. ಗ್ಲೋಬಲ್‌ಗಳನ್ನು ಸ್ಟ್ರಕ್ಚರ್‌ಗಳಿಗೆ ಸಾಗಿಸುತ್ತಾ ಬಂದದ್ದರಿಂದ 2023ರ 3.12 ಆವೃತ್ತಿಯಲ್ಲಿ ಪ್ರತಿ ಇಂಟರ್‌ಪ್ರಿಟರಿಗೂ ಅದರದ್ದೇ ಲಾಕ್ ಕೊಡಲು ಸಾಧ್ಯವಾಯಿತು. ಎನ್ಎಂ ಪಟ್ಟಿಯಲ್ಲಿ ಉಳಿದ ಪ್ರತಿ ಹೆಸರಿನ ಎದುರೂ ಯಾಕೆ ಉಳಿಯಿತು ಎಂದು ಒಂದು ಸಾಲು ಬರೆದು ಸೋರ್ಸ್ ಜೊತೆಗೇ ಇಡಿ. ನಾಳೆ ಹೊಸ ಹೆಸರು ನುಸುಳಿದರೆ ಬಿಲ್ಡ್ ಅಲ್ಲೇ ನಿಲ್ಲುವಂತೆ ಸ್ಕ್ರಿಪ್ಟ್ ಬರೆಯಲು ಹತ್ತು ಸಾಲು ಸಾಕು.